ಸಿಂಹಪುರದಲ್ಲಿ ನಾವಿಬ್ಬರು!

ಸಿಂಗಾಪುರ ಅಂದ ಕೂಡಲೇ ನಮ್ಮ ಚಿತ್ರರಸಿಕರಿಗೆ ಯಾರ ನೆನಪಾಗುತ್ತೆ? ಇನ್ಯಾರು ಸ್ವಾಮೀ... ವಿಷ್ಣು ಮತ್ತು ಕುಳ್ಳ ದ್ವಾರಕೀಶ್! 1978ರಲ್ಲಿ ಸಿ.ವಿ. ರಾಜೇಂದ್ರನ್ ನಿರ್ದೇಶನದ ‘ಸಿಂಗಾಪುರದಲ್ಲಿ ರಾಜಾಕುಳ್ಳ’ ಚಿತ್ರಕ್ಕಾಗಿ ಕನ್ನಡದ ಕ್ಯಾಮೆರಾ ಮೊದಲ ಸಲ ಸಮುದ್ರ ದಾಟಿತು. ಅದನ್ನು ನೋಡಿದ ನಮ್ಮಪ್ಪನಿಗೆ ಇವತ್ತಿಗೂ ಫಾರಿನ್ ಅಂದರೆ ಸಿಂಗಾಪುರವೇ. ವಿಷ್ಣು 2009ರಲ್ಲಿ, ದ್ವಾರಕೀಶ್ 2024ರಲ್ಲಿ ನಮ್ಮನ್ನಗಲಿದರು. ಆ ಊರಿನ ಹುಚ್ಚು ಮಾತ್ರ ನಮ್ಮ ಮನೆ ಬಿಟ್ಟು ಹೋಗಲಿಲ್ಲ. ಮದುವೆಯಾಗಿ ಎರಡು ವರ್ಷಕ್ಕೆ ಚೀಟಿ ದುಡ್ಡು ಕೈಗೆ ಬಂತು. ನಾನೂ ನನ್ನಾಕೆಯೂ ಮೂರು ದಿನಕ್ಕೆಂದು ಹೊರಟೇಬಿಟ್ಟೆವು!

ಇಳಿದ ಕೂಡಲೇ ಗಡಿಯಾರ ಎರಡೂವರೆ ಗಂಟೆ ಮುಂದಕ್ಕೆ. ಮೊದಲ ಸಂಜೆ ಮೆರ್ಲಯನ್ ದರ್ಶನ. ತಲೆ ಸಿಂಹದ್ದು, ಮೈ ಮೀನಿನದ್ದು, ಎತ್ತರ 8.6 ಮೀಟರ್, ಬಾಯಿಂದ ನೀರಿನ ಧಾರೆ. 1972ರಲ್ಲಿ ನಿಲ್ಲಿಸಿದ ಮೂರ್ತಿ ಇದು. ಮುಂದೆ ಸೇತುವೆ ಎದ್ದು ನೋಟ ಮರೆಯಾಯಿತೆಂದು 2002ರಲ್ಲಿ ಈಗಿನ ಜಾಗಕ್ಕೆ ತಂದರು. ಊರಿನ ಹೆಸರೂ ಸಂಸ್ಕೃತದ ಸಿಂಹಪುರವೇ. ನಮ್ಮ ಸಾಹಸಸಿಂಹ ಸರಿಯಾದ ಊರಿಗೇ ಹೋಗಿದ್ದರು ಅನ್ನಿ!

ಎದುರು ದಡದಲ್ಲಿ ಮರೀನಾ ಬೇ ಸ್ಯಾಂಡ್ಸ್. 55 ಅಂತಸ್ತಿನ ಮೂರು ಗೋಪುರ, ಅವುಗಳ ತಲೆಯ ಮೇಲೆ ಒಂದು ಹಡಗು ಇಟ್ಟ ಹಾಗೆ ಕಾಣುತ್ತೆ. ಮೇಲಕ್ಕೆ ಹೋಗಲು ಟಿಕೆಟ್. ದರ ನೋಡಿದ ನನ್ನಾಕೆ, “ಇಷ್ಟು ದುಡ್ಡಲ್ಲಿ ಎರಡು ದಿನ ಊಟ ಆಗುತ್ತೆ ಕಣ್ರೀ. ಕೆಳಗಿಂದಾನೇ ಚೆಂದ” ಅಂದಳು. ಮುಗೀತು! ಪಕ್ಕದಲ್ಲೇ 2012ರಲ್ಲಿ ತೆರೆದ ‘ಗಾರ್ಡನ್ಸ್ ಬೈ ದಿ ಬೇ’. ಸಮುದ್ರಕ್ಕೆ ಮಣ್ಣು ತುಂಬಿಸಿ ಮಾಡಿದ ನೆಲ. 50 ಮೀಟರ್‌ವರೆಗಿನ ಉಕ್ಕಿನ ಮರಗಳು ರಾತ್ರಿ ಹಾಡಿಗೆ ತಕ್ಕಂತೆ ಬಣ್ಣ ಬದಲಿಸುತ್ತವೆ. ಇದಕ್ಕೆ ಕಾಸಿಲ್ಲ. ಜನರೆಲ್ಲ ನೆಲದ ಮೇಲೆ ಅಂಗಾತ ಮಲಗಿ ನೋಡ್ತಾರೆ. ನಾವೂ ಮಲಗಿದೆವು.

ಎರಡನೇ ದಿನ ಸೇಂಟ್ ಆಂಡ್ರ್ಯೂಸ್ ಚರ್ಚ್. ಹಾಲಿನ ಹಾಗೆ ಬೆಳ್ಳಗಿದೆ. ಕಟ್ಟಿದವರು ಯಾರು ಗೊತ್ತೇ? 1850ರ ದಶಕದಲ್ಲಿ ಬ್ರಿಟಿಷರು ನಮ್ಮ ದೇಶದಿಂದ ಸಾಗಿಸಿದ ಕೈದಿಗಳು! ಸುಣ್ಣಕ್ಕೆ ಮೊಟ್ಟೆಯ ಬಿಳಿ, ಸಕ್ಕರೆ, ತೆಂಗಿನ ನಾರು ನೆನೆಸಿದ ನೀರು ಸೇರಿಸಿ ಅರೆದ ಮದರಾಸಿನ ಗಾರೆ ಅದು.

ಅಲ್ಲಿಂದ ನಡೆದೇ ಹೋದರೆ ಕ್ಯಾಥೇ ಕಟ್ಟಡ. ಚಿತ್ರಪ್ರೇಮಿಗಳು ಕೈಮುಗಿಯಬೇಕಾದ ಜಾಗ. 1939ರಲ್ಲಿ ಶುರುವಾದ ಈ ಟಾಕೀಸಿನಲ್ಲೇ 1943ರ ಅಕ್ಟೋಬರ್ 21ರಂದು ನೇತಾಜಿ ಸುಭಾಷರು ಆಜಾದ್ ಹಿಂದ್ ಸರ್ಕಾರ ಘೋಷಿಸಿದ್ದು. ಸಿನಿಮಾ ಮಂದಿರದಲ್ಲಿ ಹುಟ್ಟಿದ ಸರ್ಕಾರ! ಅವರ ಸೈನ್ಯಕ್ಕೆ ಸೇರಿದವರಲ್ಲಿ ಮಲಯದ ರಬ್ಬರ್ ತೋಟದ ತಮಿಳು ಕೂಲಿಗಳೂ ಇದ್ದರು. ಹಳೆಯ ಮುಂಭಾಗವನ್ನಷ್ಟೇ ಉಳಿಸಿಕೊಂಡು ಹಿಂದೆ ಹೊಸ ಕಟ್ಟಡ ಕಟ್ಟಿದ್ದಾರೆ.

ಮೂರನೆಯ ದಿನ ಭಾನುವಾರ. ಸೆರಂಗೂನ್ ರೋಡಿನ ಲಿಟ್ಲ್ ಇಂಡಿಯಾಕ್ಕೆ ಹೋದೆವು. ಮಲ್ಲಿಗೆ ಹೂ, ಸೀರೆ ಅಂಗಡಿ, ಊದುಬತ್ತಿ ವಾಸನೆ... ಟೆಕ್ಕಾ ಸೆಂಟರಿನಲ್ಲಿ ದೋಸೆ. ಇಲ್ಲಿ ಮೇಜಿನ ಮೇಲೆ ಟಿಶ್ಯೂ ಪೊಟ್ಟಣ ಇಟ್ಟರೆ ಸೀಟು ರಿಸರ್ವ್, ನಮ್ಮ ಬಸ್ಸಿನಲ್ಲಿ ಟವೆಲ್ ಹಾಕಿದ ಹಾಗೆ! ಆದರೆ ತಿಂದ ತಟ್ಟೆ ನಾವೇ ಎತ್ತಿಡಬೇಕು, ಇಲ್ಲದಿದ್ದರೆ ದಂಡ ಬೀಳಬಹುದು.

ಸಂಜೆ ಹೊತ್ತಿಗೆ ಹುಲ್ಲಿನ ಮೇಲೆಲ್ಲ ಗಂಡಸರ ಗುಂಪು. ತಮಿಳುನಾಡಿನವರು, ಬಾಂಗ್ಲಾದವರು. ವಾರಕ್ಕೊಂದು ರಜಾ, ಕೈಯಲ್ಲಿ ಫೋನು, ಫೋನಿನಲ್ಲಿ ಹೆಂಡತಿ ಮಕ್ಕಳು. ನನ್ನಾಕೆ ಕೆ.ಜಿ.ಎಫ್.ನವಳು, ತಮಿಳು ಸರಾಗ. ಒಬ್ಬ ಯುವಕನನ್ನು “ಯಾವೂರು ತಂಬಿ?” ಅಂತ ಮಾತಾಡಿಸಿಯೇಬಿಟ್ಟಳು. ಪುದುಕ್ಕೋಟೆ ಕಡೆಯವನು. ದೊಡ್ಡ ಕಟ್ಟಡಗಳಿಗೆ ಕಂಬಿ ಕಟ್ಟುವ ಕೆಲಸ. ಏಜೆಂಟನಿಗೆ ಕೊಡಲು ಮಾಡಿದ ಸಾಲ ತೀರುವುದಕ್ಕೇ ಒಂದೂವರೆ ವರ್ಷ ಹಿಡಿಯಿತಂತೆ.

“ಕಟ್ಟಿದ ಮೇಲೆ ಒಳಗೆ ಹೋಗಿ ನೋಡಿದ್ದೀಯಾ?”

“ಅಷ್ಟು ಹೊತ್ತಿಗೆ ನಮ್ಮನ್ನ ಇನ್ನೊಂದು ಸೈಟಿಗೆ ಹಾಕಿರ್ತಾರೆ ಅಕ್ಕಾ” ಅಂತ ನಕ್ಕ.

ನಮ್ಮ ಮೆರ್ಲಯನ್ ಫೋಟೋಗಳನ್ನು ಒಂದೊಂದಾಗಿ ನೋಡಿದ. ಐದು ವರ್ಷದಲ್ಲಿ ಆ ಕಡೆ ಹೋಗಿದ್ದು ಒಂದೇ ಸಲವಂತೆ. ಆಮೇಲೆ ಬೇಡವೆಂದರೂ ಕೇಳದೆ ಇಬ್ಬರಿಗೂ ಟೀ ಕುಡಿಸಿದ. ದುಡ್ಡು ಕೊಡಲು ಹೋದರೆ ನನ್ನ ಕೈಯನ್ನೇ ಹಿಡಿದುಬಿಟ್ಟ.

ರೈಲಿನಲ್ಲಿ ನನ್ನಾಕೆ ಮೆಲ್ಲಗೆ ಹೇಳಿದಳು: “ನಮ್ಮ ತಾತ ಮೂವತ್ತು ವರ್ಷ ಚಿನ್ನದ ಗಣಿಯಲ್ಲಿ ಇಳಿದು ಹತ್ತಿದ್ರು. ಅಜ್ಜಿ ಕೊರಳಲ್ಲಿದ್ದದ್ದು ಅರಿಶಿನದ ದಾರ ಕಣ್ರೀ.”

ನನಗೆ ಏನು ಹೇಳಬೇಕೋ ತೋಚಲಿಲ್ಲ.

ಗೆಳೆಯರೇ, ಸಿಂಗಾಪುರಕ್ಕೆ ಹೋದರೆ ಸಿಂಹದ ಮುಂದೆ ಖಂಡಿತ ಫೋಟೋ ತೆಗೆಸಿಕೊಳ್ಳಿ. ಭಾನುವಾರದ ಸಂಜೆಯನ್ನು ಮಾತ್ರ ಸೆರಂಗೂನ್ ರೋಡಿಗೆ ಮೀಸಲಿಡಿ. ಕೆಲಸಕ್ಕೆಂದೇ ವಿಮಾನ ಹತ್ತುವವರಿಗೆ ಇನ್ನೊಂದು ಮಾತು: ಏಜೆಂಟನ ಹೆಸರು ವಿದೇಶಾಂಗ ಸಚಿವಾಲಯದ ನೋಂದಾಯಿತ ಪಟ್ಟಿಯಲ್ಲಿದೆಯೇ ನೋಡಿ, ಅಲ್ಲಿ ದುಡಿಯುತ್ತಿರುವ ಒಬ್ಬರನ್ನಾದರೂ ವಿಚಾರಿಸಿ, ಆಮೇಲೆ ಕಾಸು ಬಿಚ್ಚಿ. ಹುಲ್ಲಿನ ಮೇಲೆ ಕೂತಿರುವ ಅವರು ನಿಜ ಹೇಳ್ತಾರೆ... ಜೊತೆಗೆ ಟೀನೂ ಕುಡಿಸ್ತಾರೆ!