ತೆರೆಯ ಹಿಂದಿನ ಕಂಠ

ಕಲ್ಯಾಣದುರ್ಗದ ಗೋಡೆಗಳ ಮೇಲೆ ವರ್ಷವರ್ಷವೂ ಕ್ಯಾಲೆಂಡರ್ ಬದಲಾಗುತ್ತದೆ. ಲಕ್ಷ್ಮಿಯ ಮುಖ ಬದಲಾಗುವುದಿಲ್ಲ. ಅದರ ಮೂಲ, ರಾಜಾ ರವಿವರ್ಮನು 1894ರಲ್ಲಿ ಮುಂಬಯಿಯಲ್ಲಿ ಆರಂಭಿಸಿದ ಮುದ್ರಣಾಲಯ. ಗುಡಿಯೊಳಗೆ ಪ್ರವೇಶವಿಲ್ಲದವರ ಮನೆಗೂ ದೇವಿ ಬಂದಳು. ಇದು ಸಣ್ಣ ಉಪಕಾರವಲ್ಲ. ಆದರೆ ಒಂದೇ ಬಗೆಯ ಮುಖ, ಒಂದೇ ಗೌರವರ್ಣ ಚೆಲುವಿನ ಅಳತೆಗೋಲಾಯಿತು. ವ್ಯಾಪಾರವು ಆ ಅಳತೆಗೋಲನ್ನು ಮುಲಾಮಾಗಿ ಮಾರಿತು. 2020ರಲ್ಲಿ 'ಫೇರ್ ಅಂಡ್ ಲವ್ಲಿ'ಯ ಹೆಸರಿನಿಂದ 'ಫೇರ್' ಹೋಯಿತು; ಮುಲಾಮು ಅಂಗಡಿಯಲ್ಲೇ ಉಳಿಯಿತು.

ಈ ಅಳತೆಗೋಲು ಮಕ್ಕಳನ್ನೂ ಬಿಡಲಿಲ್ಲ. ಗಡಿನಾಡ ಶಾಲಾ ವೇದಿಕೆಗಳಲ್ಲಿ ಭುವನೇಶ್ವರಿಯ ಪಾತ್ರಕ್ಕೆ 'ಬಣ್ಣವುಳ್ಳ' ಹುಡುಗಿಯನ್ನೇ ಹುಡುಕುವುದನ್ನು ಕಂಡಿದ್ದೇನೆ. ಸೊಗಸಾದ ಕಂಠವಿದ್ದ ಕಪ್ಪು ಹುಡುಗಿ ತೆರೆಯ ಹಿಂದೆ ನಿಂತು ಹಾಡುತ್ತಿದ್ದಳು; ಚಪ್ಪಾಳೆ ಮುಂದಿದ್ದವಳಿಗೆ.

ಬೆಂಗಳೂರಿನ ಕಲಾವಿದೆ ಎನ್. ಪುಷ್ಪಮಾಲಾ ಅವರ ಕೃತಿಗಳು ನನಗೆ ಮುಖ್ಯವೆನಿಸುವುದು ಇದಕ್ಕಾಗಿಯೇ. ಛಾಯಾಗ್ರಾಹಕಿ ಕ್ಲೇರ್ ಆರ್ನಿ ಅವರೊಡನೆ 2000ರಿಂದ 2004ರವರೆಗೆ ರಚಿಸಿದ 'ನೇಟಿವ್ ವಿಮೆನ್ ಆಫ್ ಸೌತ್ ಇಂಡಿಯಾ' ಚಿತ್ರಮಾಲೆಯಲ್ಲಿ ಅವರು ತಾವೇ ರವಿವರ್ಮನ ಲಕ್ಷ್ಮಿಯಾದರು. ಸಿನಿಮಾ ನಾಯಕಿಯೂ ಆದರು. ಅಲ್ಲಿ ಪರದೆ ಪರದೆಯಾಗಿಯೇ, ವೇಷ ವೇಷವಾಗಿಯೇ ಕಾಣುತ್ತದೆ. ಇದು ದೇವಿಯ ಅಪಹಾಸ್ಯವಲ್ಲ. ನಾವು ಸಹಜವೆಂದು ನಂಬಿದ ಚೆಲುವು ಬಣ್ಣ, ಬಟ್ಟೆ, ಬೆಳಕುಗಳಿಂದ ಕಟ್ಟಿದ್ದೆಂಬ ವಿನಯಪೂರ್ವಕ ನಿವೇದನೆ.

ರಾಜ್ಯೋತ್ಸವದ ವೇದಿಕೆ ಕಟ್ಟುವ ಬಂಧುಗಳಲ್ಲಿ ನನ್ನದೊಂದೇ ಪ್ರಾರ್ಥನೆ: ತಾಯಿಗೆ ಕಿರೀಟ ತೊಡಿಸುವ ಮುನ್ನ, ತೆರೆಯ ಹಿಂದೆ ಹಾಡುತ್ತಿರುವವಳನ್ನು ಒಮ್ಮೆ ಮುಂದಕ್ಕೆ ಕರೆಯಿರಿ. ಕನ್ನಡಕ್ಕೆ ಕಂಠವುಂಟು, ಮೈಬಣ್ಣವಿಲ್ಲ.