ಕಲ್ಲಿಗೂ ಒಂದು ಆಯಸ್ಸು

ಗಟ್ಟಿಮುಟ್ಟಾಗಿರುವವರನ್ನು ನೋಡಿ ‘ಗುಂಡುಕಲ್ಲಿನ ಹಾಗಿದ್ದಾರೆ’ ಅಂತೀವಿ. ಕಲ್ಲು ಪರೀಕ್ಷಿಸುವ ಲ್ಯಾಬಿನಲ್ಲಿ ಆರು ವರ್ಷ ಕೆಲಸ ಮಾಡಿದ ನನಗೆ ಈ ಮಾತು ಕೇಳಿದರೆ ನಗು ಬರುತ್ತದೆ. ಕಲ್ಲಿಗೂ ಸುಸ್ತಾಗುತ್ತದೆ.

ಗ್ರಾನೈಟ್ ತುಂಡನ್ನು ಯಂತ್ರದಲ್ಲಿಟ್ಟು ಒತ್ತುತ್ತಾ ಹೋದರೆ ಒಂದು ಹಂತದಲ್ಲಿ ಒಡೆಯುತ್ತದೆ. ಅದು ಅದರ ಬಲ. ಅದಕ್ಕಿಂತ ತುಸು ಕಡಿಮೆ ಹೊರೆ ಹೇರಿ ಹಾಗೇ ಬಿಟ್ಟರೆ? ಗಂಟೆಗಟ್ಟಲೆಯೋ, ತಿಂಗಳುಗಟ್ಟಲೆಯೋ ಸುಮ್ಮನಿದ್ದು, ಒಂದು ದಿನ ಫಟ್ ಅಂತ ಒಡೆಯಬಹುದು. ಹೊರೆ ಯಾರೂ ಹೆಚ್ಚಿಸಿರುವುದಿಲ್ಲ. ಕಣ್ಣಿಗೆ ಕಾಣದ ಬಿರುಕುಗಳು ಒಳಗೊಳಗೇ ಬೆಳೆದಿರುತ್ತವೆ. ತೇವ ಸೇರಿದರೆ ಇನ್ನೂ ಬೇಗ. ಬಿರುಕಿನ ತುದಿಯಲ್ಲಿ ನೀರು ಖನಿಜದ ಬಂಧಗಳನ್ನೇ ಸಡಿಲಿಸುತ್ತದೆ.

ಹೋದ ಮಳೆಗಾಲದಲ್ಲಿ ಮಾವ ವಾಟ್ಸ್ಆ್ಯಪ್‌ನಲ್ಲಿ ಒಂದು ಫೋಟೋ ಕಳಿಸಿದರು. ಕೋಲಾರದ ಹತ್ತಿರ ನಮ್ಮ ಅಜ್ಜಿ ಮನೆ, ಕಲ್ಲು ಚಪ್ಪಡಿ ಸೂರು. ಅಜ್ಜಿ ಮಂಚದ ಮೇಲಿನ ಚಪ್ಪಡಿಯಲ್ಲಿ ಕೂದಲೆಳೆಯಂಥ ಬಿರುಕು. “ನೀನು ಇದನ್ನೇ ಅಲ್ವೇನಮ್ಮ ಓದಿದ್ದು? ಇನ್ನೆಷ್ಟು ವರ್ಷ ಬರುತ್ತೆ ಹೇಳು.”

ನಾನು ಯಾವ ಸಂಖ್ಯೆಯನ್ನೂ ಹೇಳಲಿಲ್ಲ. ಗ್ರಾನೈಟ್‌ನಂಥ ಕಲ್ಲಿನಲ್ಲಿ ಹೊರೆ ಶೇ 8ರಷ್ಟು ಹೆಚ್ಚಿದರೂ ಆಯಸ್ಸು ಹತ್ತನೇ ಒಂದು ಭಾಗಕ್ಕೆ ಇಳಿಯಬಹುದು. ಒಂದೇ ಬಂಡೆಯಿಂದ ಕೊಯ್ದ ಎರಡು ತುಂಡುಗಳ ಬಲದಲ್ಲೇ ಅಷ್ಟು ವ್ಯತ್ಯಾಸ ಇರುವುದುಂಟು. ಅಂದರೆ ಒಂದು ಹತ್ತು ವರ್ಷ ನಿಂತರೆ, ಅದರ ಜೊತೆಯದು ಒಂದೇ ವರ್ಷ. ಮೇಲಾಗಿ ಕಲ್ಲು ಒತ್ತಡವನ್ನು ತಡೆದಷ್ಟು ಎಳೆತವನ್ನು ತಡೆಯದು. ಚಪ್ಪಡಿ ಭಾರಕ್ಕೆ ಬಾಗುವಾಗ ಎಳೆತ ಬೀಳುವುದು ಅದರ ತಳಕ್ಕೇ.

ಅಜ್ಜಿ ಒಪ್ಪಲಿಲ್ಲ. “ನಿಮ್ಮ ತಾತ ಕಟ್ಟಿಸಿದ್ದು. ಐವತ್ತು ವರ್ಷ ನಿಂತಿರೋದು ಇವತ್ತು ಬೀಳುತ್ತಾ?”

ನಾವೆಲ್ಲ ಹೇಳುವ ಮಾತೇ ಇದು. ಆದರೆ ಐವತ್ತು ವರ್ಷ ನಿಂತಿದೆ ಅನ್ನೋದು ಗ್ಯಾರಂಟಿ ಅಲ್ಲ, ಖರ್ಚಾದ ಲೆಕ್ಕ.

ಕೊನೆಗೆ ಅಜ್ಜಿಗೆ ತಾತನ ಕೆಲಸವನ್ನೇ ನೆನಪಿಸಿದೆ. ತಾತ ಕೆಜಿಎಫ್‌ನ ಚಾಂಪಿಯನ್ ರೀಫ್ ಗಣಿಯಲ್ಲಿದ್ದವರು. ಆ ಗಣಿ 3 ಕಿಲೋಮೀಟರಿಗೂ ಆಳ. ಅಲ್ಲಿ ಒಂದೊಂದು ಚದರ ಸೆಂಟಿಮೀಟರಿನ ಮೇಲೂ 800 ಕಿಲೋಗಿಂತ ಹೆಚ್ಚು ಬಂಡೆಯ ಭಾರ. ಸುರಂಗ ಕೊರೆದಾಗ ಆ ಭಾರವೆಲ್ಲ ಪಕ್ಕದ ಬಂಡೆಗೆ ಬೀಳುತ್ತದೆ. ಅದು ಹೊತ್ತು ಹೊತ್ತು ಒಮ್ಮೆಗೇ ಸಿಡಿದರೆ, ಗಣಿಯವರ ಮಾತಲ್ಲಿ ‘ಏರ್ ಬ್ಲಾಸ್ಟ್’. ಮೇಲೆ ಮನೆಗಳೂ ಅದುರುತ್ತಿದ್ದವು. ಆ ಸದ್ದಿಗೆ ಒಲೆ ಮೇಲಿನ ಅನ್ನ ಬಿಟ್ಟು ಓಡಿದವರಲ್ಲಿ ಅಜ್ಜಿಯೂ ಒಬ್ಬರು. ಸ್ವಲ್ಪ ಹೊತ್ತು ಸುಮ್ಮನಿದ್ದು, “ಆಯ್ತು, ಮಂಚ ಆಚೆ ಕೋಣೆಗೆ ಹಾಕ್ರಪ್ಪ” ಅಂದರು.

ಮಾಡಿದ ಕೆಲಸ ಸರಳ. ಸೂರಿನ ಮೇಲಿದ್ದ 500 ಲೀಟರ್ ನೀರಿನ ಟ್ಯಾಂಕ್, ಅಂದರೆ ಅರ್ಧ ಟನ್, ಕೆಳಗಿಳಿಸಿದೆವು. ಮೇಲೆ ಸೋರುವುದನ್ನು ನಿಲ್ಲಿಸಿದೆವು. ಬಿರುಕಿನ ಕೆಳಗೆ ಕಬ್ಬಿಣದ ತೊಲೆ ಕೊಟ್ಟೆವು. ಶೇ 8ರ ಲೆಕ್ಕ ನಮ್ಮ ಪರವಾಗಿಯೂ ಕೆಲಸ ಮಾಡುತ್ತೆ: ಹೊರೆ ತುಸು ಇಳಿದರೆ ಆಯಸ್ಸು ಎಷ್ಟೋ ಪಟ್ಟು ಬೆಳೆಯುತ್ತದೆ.

ಕಲ್ಲು ದಿನಾಂಕ ಹೇಳುವುದಿಲ್ಲ, ವೇಗ ಹೇಳುತ್ತದೆ. ಒಡೆಯುವ ಮುನ್ನ ಅದರ ಚಲನೆ ಚುರುಕಾಗುತ್ತದೆ. 1985ರಲ್ಲಿ ಜಪಾನಿನ ಫುಕುಝೊನೊ ಇದಕ್ಕೊಂದು ಉಪಾಯ ತೋರಿಸಿದರು: ವೇಗದ ವಿಲೋಮವನ್ನು ದಿನದಿನವೂ ಗ್ರಾಫಿನಲ್ಲಿ ಗುರುತಿಸಿ, ಆ ಗೆರೆ ಸೊನ್ನೆ ಮುಟ್ಟುವ ಹೊತ್ತೇ ಕುಸಿತದ ಹೊತ್ತು. ಅಮೆರಿಕದ ಬಿಂಗಮ್ ಕ್ಯಾನಿಯನ್ ತಾಮ್ರದ ಗಣಿಯಲ್ಲಿ ರೇಡಾರ್ ಇಟ್ಟು ಇಳಿಜಾರಿನ ವೇಗವನ್ನೇ ಕಾಯುತ್ತಿದ್ದರು. 2013ರ ಏಪ್ರಿಲ್ 10ರ ರಾತ್ರಿ ಗುಡ್ಡವೇ ಜಾರಿತು. ಜನರನ್ನು ಮೊದಲೇ ಹೊರಗೆ ಕಳಿಸಿದ್ದರಿಂದ ಒಬ್ಬರಿಗೂ ಗಾಯವಾಗಲಿಲ್ಲ.

ನಮ್ಮಲ್ಲಿ ರೇಡಾರ್ ಇಲ್ಲ. ಬಿರುಕಿಗೆ ಅಡ್ಡಲಾಗಿ ತೆಳು ಗಾಜಿನ ಪಟ್ಟಿ ಅಂಟಿಸಿ, ಪಕ್ಕದಲ್ಲಿ ಪೆನ್ಸಿಲಿನಲ್ಲಿ ತಾರೀಖು ಬರೆದಿದ್ದೇವೆ. ಬಿರುಕು ಅಗಲವಾದರೆ ಮೊದಲು ಗಾಜು ಒಡೆಯುತ್ತದೆ. ಪ್ರತಿ ಭಾನುವಾರ ಮಾವ ಅದನ್ನು ನೋಡುತ್ತಾರೆ. ಈವರೆಗೆ ಗಾಜು ಹಾಗೇ ಇದೆ. ಅಜ್ಜಿಯ ಮಂಚವೂ ಆಚೆ ಕೋಣೆಯಲ್ಲೇ ಇದೆ.