ಮೂಗಿನ ಬಾಗಿಲು

ಅಜ್ಜಂಪುರದ ನಮ್ಮ ಅಜ್ಜನಿಗೆ ಊಟ ತಪ್ಪಿದರೂ ನಶ್ಯ ತಪ್ಪಬಾರದು. ಅಜ್ಜಿ ಗೊಣಗಿದರೆ, ಮೂಗು ತಲೆಗೆ ಬಾಗಿಲೆಂದು ವಾಗ್ಭಟನೇ ಹೇಳಿದ್ದಾನೆಂದು ಆಯುರ್ವೇದವನ್ನು ಸಾಕ್ಷಿಗೆ ಕರೆಯುತ್ತಿದ್ದರು. ವಾಗ್ಭಟ ಹೇಳಿದ್ದು ಔಷಧದ ನಸ್ಯ, ಅಜ್ಜ ಏರಿಸುತ್ತಿದ್ದುದು ಹೊಗೆಸೊಪ್ಪಿನ ಪುಡಿ, ಅಷ್ಟೇ ವ್ಯತ್ಯಾಸ.

ಆ ಬಾಗಿಲನ್ನು ನಾವು ಇನ್ನೊಂದು ಕೆಲಸಕ್ಕೂ ಬಡಿಯುತ್ತಿದ್ದೆವು. ನನ್ನ ತಮ್ಮನಿಗೆ ಮೂರ್ಛೆರೋಗವಿತ್ತು. ಅವನು ಬಿದ್ದೊಡನೆ ಒಬ್ಬರು ಕೈಗೆ ಬೀಗದ ಕೈ ತುರುಕುವರು, ಒಬ್ಬರು ಮೂಗಿಗೆ ಈರುಳ್ಳಿ ಹಿಡಿಯುವರು, ಮತ್ತೊಬ್ಬರು ಚಪ್ಪಲಿ. ಮೂರ್ಛೆ ಸಾಮಾನ್ಯವಾಗಿ ಎರಡು ಮೂರು ನಿಮಿಷದಲ್ಲಿ ತಾನಾಗಿಯೇ ನಿಲ್ಲುತ್ತದೆ. ಆ ಹೊತ್ತಿಗೆ ಯಾರ ಕೈ ಮುಂದಿತ್ತೋ ಅವರಿಗೆ ಕೀರ್ತಿ. ಒಂದು ದಿನ ಅದು ನಿಲ್ಲಲಿಲ್ಲ. ಬಾಡಿಗೆ ಕಾರು ಹುಡುಕಿ ಕಡೂರು ಮುಟ್ಟುವ ಹೊತ್ತಿಗೆ ತಮ್ಮ ನಮ್ಮ ಕೈಬಿಟ್ಟಿದ್ದ.

ಈಗ ತರೀಕೆರೆಯಲ್ಲಿ ತಂಗಿಯ ಮೊಮ್ಮಗನಿಗೂ ಅದೇ ಕಾಯಿಲೆ. ಬೆಂಗಳೂರಿನ ವೈದ್ಯರು ದಿನದ ಮಾತ್ರೆಗಳ ಜೊತೆಗೆ ಒಂದು ಪುಟ್ಟ ಸೀಸೆಯನ್ನೂ ಕೊಟ್ಟರು: ಮಿಡಾಜೊಲಾಮ್. ಮೂರ್ಛೆ ಐದು ನಿಮಿಷ ಮೀರಿದರೆ ಮೂಗಿಗೆ ಸಿಂಪಡಿಸಬೇಕು. ಸೂಜಿ ಬೇಡ, ಕಚ್ಚಿದ ಹಲ್ಲು ಬಿಡಿಸುವುದೂ ಬೇಡ. ಮದ್ದು ಮೂಗಿನ ತೆಳುಪೊರೆಯಿಂದ ರಕ್ತಕ್ಕಿಳಿದು ನಿಮಿಷಗಳಲ್ಲಿ ಮಿದುಳು ಸೇರುತ್ತದೆ. ಅಮೆರಿಕದಲ್ಲಿ ಇಂಥದೊಂದಕ್ಕೆ 2019ರಲ್ಲಿ ಒಪ್ಪಿಗೆ ದೊರೆಯಿತು.

ಎಲ್ಲ ಮದ್ದಿಗೂ ಈ ಭಾಗ್ಯವಿಲ್ಲ. ಮಿದುಳಿನ ರಕ್ತನಾಳಗಳ ಗೋಡೆ ಬಲು ಬಿಗಿ. ಬಹುಪಾಲು ಮದ್ದುಗಳನ್ನು ಹೊರಗೇ ನಿಲ್ಲಿಸುತ್ತದೆ. ಆದರೆ ಮೂಗಿನ ಸೂರಿನಲ್ಲಿ ಜರಡಿಯಂಥ ಮೂಳೆಯೊಂದಿದೆ. ಅದರ ತೂತುಗಳಲ್ಲಿ ವಾಸನೆಯ ನರಗಳು ಮಿದುಳಿಗೆ ಹೋಗುತ್ತವೆ. ಆ ದಾರಿಯಲ್ಲಿ ಮದ್ದು ಕಳುಹಿಸಲು ವಿಜ್ಞಾನಿಗಳು ಹೆಣಗುತ್ತಿದ್ದಾರೆ. ಮೂಗಿನ ಲೋಳೆಯೋ, ಒಳಗೆ ಬಿದ್ದದ್ದನ್ನು ಸುಮಾರು 20 ನಿಮಿಷದಲ್ಲಿ ಗಂಟಲಿಗೆ ತಳ್ಳಿಬಿಡುತ್ತದೆ. ಅದಕ್ಕೇ ಅಂಟಿ ನಿಲ್ಲುವ ಪಾಕಗಳನ್ನೂ ಅತಿ ಸೂಕ್ಷ್ಮ ಕಣಗಳನ್ನೂ ಕಟ್ಟಿ ನೋಡುತ್ತಿದ್ದಾರೆ. ಮರೆವಿನ ರೋಗಕ್ಕೆ ಮೂಗಿನಿಂದ ಇನ್ಸುಲಿನ್ ಕೊಟ್ಟ ಅಮೆರಿಕದ ಪರೀಕ್ಷೆಯೊಂದರಲ್ಲಿ ಫಲ ಕಾಣಲಿಲ್ಲವೆಂದು 2020ರಲ್ಲಿ ವರದಿಯಾಯಿತು. ಬಾಗಿಲೇನೋ ಇದೆ, ಒಳಗೆ ಹೋಗುವುದು ಸುಲಭವಲ್ಲ.

ಕಳೆದ ದೀಪಾವಳಿಗೆ ನಾನು ತರೀಕೆರೆಯಲ್ಲಿದ್ದಾಗ ಹುಡುಗ ಬಿದ್ದ. ಪಕ್ಕದ ಮನೆಯಾಕೆ ಈರುಳ್ಳಿ ಹಿಡಿದು ಓಡಿಬಂದರು. ಅವನನ್ನು ಮಗ್ಗುಲಾಗಿ ಮಲಗಿಸಿ ಗಡಿಯಾರ ನೋಡುತ್ತ ಕೂತೆ. ಐದು ನಿಮಿಷ ಕಳೆಯಿತು. ಸಿಂಪಡಿಸಿದೆ. "ಆಯ್ತೇನಣ್ಣ?" ಎಂದು ತಂಗಿ ಎರಡು ಸಲ ಕೇಳಿದಳು. ಮೂರನೆಯ ಸಲ ಕೇಳುವ ಮೊದಲು ಹುಡುಗನ ಕೈಕಾಲು ಸಡಿಲಿ, ಉಸಿರು ಹದಕ್ಕೆ ಬಂತು. ಆಮೇಲೆ ಆಸ್ಪತ್ರೆಗೆ ಕರೆದೊಯ್ದೆವು.

ಆಕೆಯ ಈರುಳ್ಳಿಯನ್ನು ನಾನು ಗೇಲಿ ಮಾಡಲಿಲ್ಲ. ಅಜ್ಜಂಪುರದಲ್ಲಿ ಆ ಕೊನೆಯ ದಿನ ತಮ್ಮನ ಮೂಗಿಗೆ ಈರುಳ್ಳಿ ಹಿಡಿದಿದ್ದ ಕೈ ನನ್ನದೇ.